ಅಜ್ಜಿಯ ಹೆಸರು ಮೊಮ್ಮಗಳಿಗೆ ಇಡಬಹುದೇ?

ಹರಿಹರ, ದಾವಣಗೆರೆ ಸುತ್ತಿನಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳ ಹೆಸರಿನ ಬಗ್ಗೆಯೇ ಇವೆ. ಕೆಲವರ ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನ ಹತ್ತಿರ ಬಂದಿದೆ. ಕೆಲವರಿಗೆ ಇಟ್ಟ ಹೆಸರೇ ಈಗ ಚಿಂತೆಯಾಗಿದೆ. ಬೇಗ ಉತ್ತರ ಬೇಕಾದವರ ಪತ್ರಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ನಮಗೆ ಮೊದಲ ಮಗು, ಹೆಣ್ಣು. ತೀರಿಕೊಂಡ ತಮ್ಮ ಅಜ್ಜಿ ಗೌರಮ್ಮನ ಹೆಸರನ್ನೇ ಇಡಬೇಕೆಂದು ನಮ್ಮ ಯಜಮಾನರಿಗೆ ಆಸೆ. ಅವರನ್ನು ಸಾಕಿ ಬೆಳೆಸಿದ್ದೇ ಆ ಅಜ್ಜಿ, ಬೇಡ ಅನ್ನೋಕೆ ನನಗೆ ಮನಸ್ಸು ಬರುತ್ತಿಲ್ಲ. ಆದರೆ ಶಾಲೆಯಲ್ಲಿ ಎಲ್ಲರೂ ಆದ್ಯಾ, ಅನ್ವಿ ಅಂತ ಇರುವಾಗ ‘ಗೌರಮ್ಮ’ ಅಂದರೆ ಮಕ್ಕಳು ನಗುವುದಿಲ್ಲವೇ? ಕರೆಯಲು ಚೆಂದವಾಗಿರುವ ಹಳೆಯ ಹೆಸರುಗಳಿದ್ದರೆ ಹೇಳಿ.
— ಒಬ್ಬ ತಾಯಿ, ಹರಿಹರ

ಉತ್ತರ: ಮಗಳು ಬಂದ ಮನೆಗೆ ಮೊದಲು ಶುಭಾಶಯ. ಯಜಮಾನರ ಮನಸ್ಸು ನೋಯಬಾರದು, ನಾಳೆ ಮಗಳೂ ನಾಲ್ಕು ಜನರ ಮುಂದೆ ಮುಜುಗರಪಡಬಾರದು, ಇದಲ್ಲವೇ ನಿಮ್ಮ ಚಿಂತೆ? ಎರಡೂ ಆಗುತ್ತದೆ, ಗಾಬರಿಯಾಗಬೇಡಿ.

ಹಳೆಯ ಹೆಸರಿಗೆ ಮಕ್ಕಳು ನಗುವುದು ಉಂಟು. ಇಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. ಶಾಲೆಯಲ್ಲಿ ವರ್ಷಗಟ್ಟಲೆ ಹಾಜರಿ ಕೂಗಿದವಳು ನಾನು. ತನ್ನ ಹೆಸರು ಬಂದಾಗ ಯಾವ ಹುಡುಗಿ ತಲೆ ತಗ್ಗಿಸಿ ಮೆಲ್ಲಗೆ ‘ಹಾಜರ್’ ಅನ್ನುತ್ತಿದ್ದಳೋ ಅವಳನ್ನೇ ಉಳಿದವರು ಕಾಡುತ್ತಿದ್ದರು. ಅದೇ ಹೆಸರಿನ ಇನ್ನೊಬ್ಬಳು ಎದ್ದು ನಿಂತು ಗಟ್ಟಿಯಾಗಿ ಹೇಳಿದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ‘ಇದು ನಿನ್ನ ಅಪ್ಪನನ್ನು ಸಾಕಿದ ಮುತ್ತಜ್ಜಿಯ ಹೆಸರು’ ಎಂದು ಮನೆಯಲ್ಲಿ ಹೇಳಿಸಿಕೊಂಡು ಬೆಳೆದ ಮಗುವಿಗೆ ಆ ಧೈರ್ಯ ತಾನಾಗಿ ಬರುತ್ತದೆ.

ಈಗ ನಿಮ್ಮ ಅಜ್ಜಿಯ ಹೆಸರನ್ನೇ ನೋಡಿ. ತೊಟ್ಟಿಲಲ್ಲಿದ್ದಾಗ ಅವರೂ ಗೌರಿಯೇ ಆಗಿದ್ದಿರಬೇಕು. ‘ಅಮ್ಮ’ ಸೇರಿದ್ದು ಮದುವೆಯಾಗಿ, ಮಕ್ಕಳಾಗಿ, ಓಣಿಯವರು ಗೌರವದಿಂದ ಮಾತಾಡಿಸತೊಡಗಿದ ಮೇಲೆ. ನೀವು ದಾಖಲೆಯಲ್ಲಿ ‘ಗೌರಿ’ ಎಂದು ಬರೆಸಿ. ಅಜ್ಜಿಯ ಹೆಸರನ್ನು ಕತ್ತರಿಸಿದ ಹಾಗೇನೂ ಆಗುವುದಿಲ್ಲ, ‘ಅಮ್ಮ’ ಸೇರುವ ಕಾಲಕ್ಕೆ ತಾನೇ ಸೇರುತ್ತದೆ. ಪೂರ್ತಿ ‘ಗೌರಮ್ಮ’ ಎಂದೇ ಇಟ್ಟರೂ ಕಡಿಮೆಯೇನಿಲ್ಲ. 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡ, ಅಷ್ಟು ಚಿಕ್ಕ ಆಯುಸ್ಸಿನಲ್ಲೇ ಕನ್ನಡ ಸಣ್ಣಕಥೆಗೆ ದೊಡ್ಡ ಕೊಡುಗೆ ಕೊಟ್ಟ ಲೇಖಕಿಯನ್ನು ನಾಡು ‘ಕೊಡಗಿನ ಗೌರಮ್ಮ’ ಎಂದೇ ನೆನೆಯುತ್ತದೆ.

ಇನ್ನು ಕರೆಯುವ ಹೆಸರಿನ ಮಾತು. ಹಳೆಯ ಹೆಸರುಗಳು ಉದ್ದ, ಹಾಗಾಗಿ ಒಂದೊಂದರಿಂದ ನಾಲ್ಕಾರು ಪುಟ್ಟ ಹೆಸರು ಹುಟ್ಟುತ್ತವೆ. ಅನ್ನಪೂರ್ಣಾ ಇದ್ದರೆ ಅನ್ನು, ಪೂರ್ಣಿ, ಪೂರ್ಣಾ. ವಿಶಾಲಾಕ್ಷಿ ವಿಶಾಲು ಆಗುತ್ತಾಳೆ, ಪದ್ಮಾವತಿ ಪದ್ದು, ರುಕ್ಮಿಣಿ ರುಕ್ಕು, ಶಾರದಾ ಶಾರು, ಸರಸ್ವತಿ ಸರು ಅಥವಾ ಸರಸು. ಭಾಗೀರಥಿಗೆ ಭಾಗಿ. ನೀಲಾಂಬಿಕೆಗೆ ನೀಲಾ, ನೀಲು. ಮಹಾದೇವಿಯನ್ನು ನಮ್ಮ ಕಡೆ ಮಾದೇವಿ ಎಂದೇ ಕರೆಯುವುದು, ದೇವಿ ಎಂದರೂ ಚೆಂದ. ಆದ್ಯಾ, ಅನ್ವಿಯಂಥ ಹೆಸರುಗಳು ಕೇಳಲು ಹಿತವೇ, ಆದರೆ ಎರಡಕ್ಷರದ ಹೆಸರನ್ನು ಮುದ್ದಿಗೆಂದು ಇನ್ನು ಎಷ್ಟು ಮೊಟಕು ಮಾಡುವುದು?

ಹಳೆಯ ಕಾಲದಲ್ಲಿ ಕರೆಯುವ ಹೆಸರು ಬರೀ ಮುದ್ದಿಗೆ ಹುಟ್ಟಿದ್ದಲ್ಲ. ಸೊಸೆ ಅತ್ತೆಯ ಹೆಸರು ಹಿಡಿದು ಕೂಗುವ ಹಾಗಿರಲಿಲ್ಲ. ಮಗಳಿಗೆ ಅತ್ತೆಯ ಹೆಸರೇ ಇಟ್ಟಿದ್ದರೆ ಆ ತಾಯಿ ಏನು ಮಾಡಬೇಕು? ಪುಟ್ಟವ್ವ, ಅಮ್ಮಣ್ಣಿ, ಚಿನ್ನಿ, ಅಕ್ಕವ್ವ ಎಂದು ಕರೆಯುತ್ತಿದ್ದಳು. ನಿಮ್ಮ ಮನೆಯಲ್ಲೂ ಅತ್ತೆಯವರಿಗೆ ತಮ್ಮ ಅತ್ತೆಯ ಹೆಸರು ಕೂಗಲು ಸಂಕೋಚವಿರಬಹುದು. ತೊಟ್ಟಿಲಿಗೆ ಮುಂಚೆ ಒಮ್ಮೆ ಅವರನ್ನು ಕೇಳಿ. ಕರೆಯುವ ಹೆಸರನ್ನು ಅವರೇ ಆರಿಸಿದರೆ ಅವರಿಗೂ ಸಂತೋಷವಾಗುತ್ತದೆ.

ಎಚ್ಚರವಾಗಿರಬೇಕಾದ ಒಂದು ವಿಷಯವಿದೆ. ಗಂಗಿ, ಪಾರಿ, ಲಚ್ಚಿ ಎಂದು ‘ಇ’ಯಲ್ಲಿ ಮುಗಿಯುವ ಕರೆ ಮನೆಯವರ ಬಾಯಲ್ಲಿ ಮುದ್ದು. ಆದರೆ ಕೆಲವು ತಲೆಮಾರಿನ ಹಿಂದೆ ನಮ್ಮ ಊರುಗಳಲ್ಲಿ ಹೊಲದ ಒಡತಿ ಗಂಗಮ್ಮನಾಗಿರುತ್ತಿದ್ದಳು, ಅದೇ ಹೆಸರಿನ ಕೂಲಿ ಹೆಂಗಸು ವಯಸ್ಸಾದರೂ ಗಂಗಿಯಾಗಿಯೇ ಉಳಿಯುತ್ತಿದ್ದಳು. ಆ ನೋವು ಇನ್ನೂ ಕೆಲವು ಮನೆಗಳಲ್ಲಿ ಹಸಿಯಾಗಿದೆ. ಅದಕ್ಕೇ ಹೇಳುವುದು, ಮುದ್ದಿನ ಹೆಸರು ಮನೆಯ ಹೊಸ್ತಿಲೊಳಗೇ ಇರಲಿ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಹೊರಗಿನವರ ಮುಂದೆ ಪೂರ್ತಿ ಹೆಸರನ್ನೇ ಹೇಳಿ, ಮಗಳಿಗೂ ಹಾಗೇ ಹೇಳಲು ಕಲಿಸಿ.

ಪ್ರಶ್ನೆ: ತುಂಗಭದ್ರೆಯ ದಂಡೆಯ ಮೇಲೇ ಹುಟ್ಟಿ ಬೆಳೆದವಳು ನಾನು. ಮಗಳಿಗೆ ‘ತುಂಗಾ’ ಎಂದು ಹೆಸರಿಡುವ ಆಸೆ. ನದಿಯ ಹೆಸರಿಟ್ಟರೆ ಹೆಣ್ಣು ಒಂದು ಕಡೆ ನೆಲೆ ನಿಲ್ಲುವುದಿಲ್ಲ ಎಂದು ನಮ್ಮ ಅತ್ತೆ ಹೆದರುತ್ತಾರೆ. ಅವರ ಮಾತು ಮೀರಲು ನನಗೂ ಭಯ.
— ಓದುಗರು, ಹರಿಹರ

ಉತ್ತರ: ಅತ್ತೆಯವರು ಸುಮ್ಮನೆ ಹಟಕ್ಕೆ ಹೇಳುತ್ತಿಲ್ಲ. ಈ ಭಯ ಬಹಳ ಹಳೆಯದು. ನಕ್ಷತ್ರ, ಮರ, ನದಿಗಳ ಹೆಸರಿರುವ ಕನ್ಯೆಯನ್ನು ತಂದುಕೊಳ್ಳಬೇಡಿ ಎಂಬ ಮಾತು ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿದೆ. ಅದು ಬಾಯಿಂದ ಬಾಯಿಗೆ ದಾಟಿ ಹಳ್ಳಿಯವರೆಗೂ ಬಂದಿದೆ.

ಆದರೆ ಆ ಮಾತನ್ನು ನಮ್ಮ ನಾಡು ಯಾವತ್ತೂ ಪಾಲಿಸಲಿಲ್ಲ. ಬಸವಣ್ಣನವರ ಮಡದಿಯ ಹೆಸರು ಗಂಗಾಂಬಿಕೆ. ಕೊಡಗಿನಲ್ಲಿ ಮನೆಮನೆಗೂ ಕಾವೇರಿಯರಿದ್ದಾರೆ. ಉತ್ತರ ಕರ್ನಾಟಕದಲ್ಲಿ ಕೃಷ್ಣವ್ವ, ಗೋದಾವರಿ, ಭೀಮವ್ವ ಇಲ್ಲದ ಊರು ಸಿಗುವುದು ಕಷ್ಟ. ‘ಶರಪಂಜರ’, ‘ಬೆಕ್ಕಿನ ಕಣ್ಣು’ ಬರೆದ ಅನಸೂಯಾ ಶಂಕರ್ ಅವರು ಬರವಣಿಗೆಗೆಂದು ಆರಿಸಿಕೊಂಡ ಹೆಸರು ತ್ರಿವೇಣಿ. ಮೂರು ನದಿ ಕೂಡುವ ಜಾಗದ ಹೆಸರು ಅದು.

ಅತ್ತೆಯವರ ಜೊತೆ ವಾದ ಮಾಡಬೇಡಿ. ಗಂಗಮ್ಮ, ತುಂಗಮ್ಮ ಎಂಬ ಹೆಸರಿನವರು ಅವರ ಬಳಗದಲ್ಲೇ ಇರುತ್ತಾರೆ, ಅಂಥವರು ಮಕ್ಕಳು ಮರಿಗಳೊಂದಿಗೆ ಬಾಳಿದ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ. ಅಷ್ಟಾದ ಮೇಲೂ ಅವರ ಮನಸ್ಸು ಒಪ್ಪದಿದ್ದರೆ ತೊಟ್ಟಿಲಲ್ಲಿ ಅವರಿಗೆ ಬೇಕಾದ ದೇವರ ಹೆಸರು ಕೂಗಲಿ, ದಾಖಲೆಯಲ್ಲಿ ತುಂಗಾ ಇರಲಿ. ಎರಡು ಹೆಸರಿನ ಮಗು ನಮ್ಮ ಕಡೆ ಹೊಸದೇನಲ್ಲ.

ಪ್ರಶ್ನೆ: ನಾನು ರಾಣೆಬೆನ್ನೂರಿನವಳು, ಕೊಟ್ಟಿದ್ದು ಹರಿಹರಕ್ಕೆ. ನಮ್ಮ ತವರಲ್ಲಿ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಹೀಗೆ ಮೂರು ಬರೆಯುತ್ತಾರೆ. ಇಲ್ಲಿ ಮುಂದೆ ಎರಡು ಇನಿಷಿಯಲ್ ಹಾಕಿ ಬಿಡುತ್ತಾರೆ. ಮಗಳಿಗೆ ಯಾವ ಥರ ಬರೆಸಬೇಕು? ಅಮೆರಿಕದಲ್ಲಿರುವ ನಮ್ಮ ಮೈದುನ ‘ಸರ್‌ನೇಮ್ ಇಲ್ಲದೆ ಬರೆಸಬೇಡಿ, ಆಮೇಲೆ ಒದ್ದಾಡ್ತೀರಿ’ ಅಂತ ಫೋನಲ್ಲಿ ಹೆದರಿಸಿದ್ದಾರೆ.
— ಓದುಗರು, ಹರಿಹರ

ಉತ್ತರ: ಹೆದರಿಕೆ ಬೇಡ. ಆದರೆ ಮೈದುನ ಹೇಳಿದ್ದರಲ್ಲಿ ಹುರುಳಿದೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ತವರಿಗೂ ಗಂಡನ ಮನೆಗೂ ನಡುವೆ ಇರುವುದು ತುಂಗಭದ್ರೆಯ ಮೇಲಿನ ಒಂದು ಸೇತುವೆಯಷ್ಟೇ. 1956ರ ನವೆಂಬರ್ 1ರವರೆಗೆ ಆ ಹೊಳೆ ಎರಡು ಆಡಳಿತಗಳ ಗಡಿಯಾಗಿತ್ತು. ಈ ದಂಡೆಯ ಹರಿಹರ ಮೈಸೂರಿಗೆ, ಆ ದಂಡೆಯ ರಾಣೆಬೆನ್ನೂರು ಮುಂಬಯಿಗೆ ಸೇರಿತ್ತು. ಮುಂಬಯಿ ಕಡೆ ಶಾಲೆ, ಕಚೇರಿಗಳಲ್ಲಿ ಹೆಸರು–ತಂದೆಯ ಹೆಸರು–ಮನೆತನದ ಹೆಸರು (ಅದನ್ನೇ ನಿಮ್ಮಲ್ಲಿ ಅಡ್ಡಹೆಸರು ಅನ್ನುತ್ತಾರೆ) ಬರೆಯುವ ರೂಢಿ ಬೇರೂರಿತು. ಮೈಸೂರು ಕಡೆ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ ಮುಂದಿಟ್ಟು ಹೆಸರನ್ನು ಕೊನೆಗೆ ಬರೆದರು. ಎರಡರಲ್ಲೂ ಊರು, ತಂದೆ, ಮನೆತನದ ನೆನಪೇ ಇದೆ. ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ.

ಮೈಸೂರು ಕಡೆಯ ರೂಢಿಯಲ್ಲಿ ಹೆಣ್ಣುಮಕ್ಕಳಿಗೆ ಒಂದು ತೊಡಕಿದೆ. ಮದುವೆಯಾದ ಮೇಲೆ ಮುಂದಿನ ಅಕ್ಷರಗಳು ಬದಲಾಗಿಬಿಡುತ್ತವೆ. ‘ಫಣಿಯಮ್ಮ’ ಬರೆದ ಎಂ.ಕೆ. ಇಂದಿರಾ ತರೀಕೆರೆ ಸೂರ್ಯನಾರಾಯಣರಾಯರ ಮಗಳು. ‘ಪ್ರಜಾವಾಣಿ’ಯ ಸಂಪಾದಕರಾಗಿದ್ದ ಅವರ ಸೋದರ ಕೊನೆಯವರೆಗೂ ಟಿ.ಎಸ್. ರಾಮಚಂದ್ರರಾವ್ ಆಗಿಯೇ ಉಳಿದರು. ಅಕ್ಕರೆಯ ಸೋದರಿಯ ಹೆಸರಿನ ಮುಂದೆ ಮಾತ್ರ ಮಂಡಗದ್ದೆ, ಕೃಷ್ಣರಾವ್ ಎಂದು ಗಂಡನ ಕಡೆಯ ಅಕ್ಷರಗಳು ಬಂದವು. ಆ ಕಾಲದಲ್ಲಿ ಅದು ನಡೆಯುತ್ತಿತ್ತು. ಇವತ್ತು ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ನಿಮ್ಮ ಮಗಳೇ ಕಚೇರಿ ಅಲೆಯಬೇಕು. ಮದುವೆಯಾದರೆ ಹೆಸರು ಬದಲಿಸಲೇಬೇಕೆಂಬ ಕಾನೂನು ಇಲ್ಲ. ಇದನ್ನು ಅವಳು ದೊಡ್ಡವಳಾದಾಗ ಹೇಳಿಕೊಡಿ, ನೀವೂ ನೆನಪಿಡಿ.

ಈಗ ವಿದೇಶದ ಮಾತು. ನಮ್ಮ ಪಾಸ್‌ಪೋರ್ಟ್ ಅರ್ಜಿಯಲ್ಲಿ ಎರಡೇ ಅಂಕಣ: ಇಟ್ಟ ಹೆಸರು, ಮನೆತನದ ಹೆಸರು. ನಡುಹೆಸರಿಗೆ ಬೇರೆ ಜಾಗವಿಲ್ಲ, ಅದನ್ನು ಇಟ್ಟ ಹೆಸರಿನ ಜೊತೆಗೇ ಬರೆಯಬೇಕು. ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ತಿ ಬರೆಯಬೇಕಾಗುತ್ತದೆ. ಇಟ್ಟ ಹೆಸರಿನ ಅಂಕಣ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಆ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಹಾಕುತ್ತಾರೆ, ಆಮೇಲೆ ಎಲ್ಲ ಕಡೆ ಅದೇ ಅಂಟಿಕೊಳ್ಳುತ್ತದೆ. 2022ರ ನವೆಂಬರಿನಲ್ಲಿ ಯುಎಇ (ದುಬೈ, ಅಬುಧಾಬಿ ಸೇರಿದ ದೇಶ) ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಆಮೇಲೆ ಸಡಿಲಿಸಿತು. ನಿಮ್ಮ ಮೈದುನ ನೋಡಿರುವ ತೊಂದರೆ ಇಂಥದ್ದೇ.

ಹಾಗಾದರೆ ಏನು ಮಾಡಬೇಕು? ಜನನ ಪ್ರಮಾಣಪತ್ರದಲ್ಲೇ ಮಗಳ ಹೆಸರಿನ ಮುಂದೆ ಇನ್ನೊಂದು ಪೂರ್ತಿ ಹೆಸರನ್ನು ಸೇರಿಸಿ ಬರೆಸಿ, ಒಂಟಿ ಅಕ್ಷರ ಬೇಡ. ಅದು ತಂದೆಯ ಹೆಸರಾಗಬಹುದು, ನಿಮ್ಮ ತವರಿನ ಹಾಗೆ ಮನೆತನದ ಹೆಸರಾಗಬಹುದು, ನಿಮ್ಮ ಹೆಸರೂ ಆಗಬಹುದು. ತಾಯಿಯ ಹೆಸರು ಹೊತ್ತ ಹೆಣ್ಣುಮಕ್ಕಳು ಈಗ ಅಪರೂಪವಲ್ಲ. ಊರ ಹೆಸರೇ ಬೇಕೆಂದರೆ ಅದಕ್ಕೂ ಹಿರಿಯ ಮಾದರಿ ನಿಮ್ಮ ತವರು ಜಿಲ್ಲೆಯಲ್ಲೇ ಇದೆ. ಗಾಯಕಿ ಗಂಗೂಬಾಯಿ ಅವರ ಹೆಸರಿನ ಜೊತೆ ಹಾನಗಲ್ ಎಂಬ ಊರೂ ದೇಶವೆಲ್ಲ ಸುತ್ತಿತು. ಅವರು ಹುಟ್ಟಿದಾಗ ಇಟ್ಟ ಹೆಸರು ಗಾಂಧಾರಿ. ಮೊದಮೊದಲ ಗ್ರಾಮಫೋನ್ ತಟ್ಟೆಗಳ ಮೇಲೂ ಗಾಂಧಾರಿ ಎಂದೇ ಇತ್ತು. ಮುಂದಿನ ಹೆಸರು ಬದಲಾದರೂ ಊರು ಮಾತ್ರ ಜೊತೆಗೇ ಉಳಿಯಿತು.

ಒಂದು ಚಿಕ್ಕ ಕೆಲಸ ಮಾಡಿ. ಯೋಚಿಸಿದ ಪೂರ್ತಿ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಹಾಳೆಯ ಮೇಲೆ ಬರೆಯಿರಿ. ಗೌರಿ ಎಂಬ ಎರಡಕ್ಷರವನ್ನೇ ಇಂಗ್ಲಿಷಿನಲ್ಲಿ ಒಬ್ಬರು ಜಿ-ಒ-ಡಬ್ಲ್ಯೂ ಎಂದೂ ಇನ್ನೊಬ್ಬರು ಜಿ-ಎ-ಯು ಎಂದೂ ಬರೆಯುತ್ತಾರೆ. ಮನೆಯವರೆಲ್ಲ ಒಂದೇ ರೀತಿ ನಿಶ್ಚಯಿಸಿ, ಆ ಹಾಳೆಯನ್ನು ಆಸ್ಪತ್ರೆಗೂ ನಗರಸಭೆಗೂ ಕೈಯಲ್ಲಿ ಹಿಡಿದೇ ಹೋಗಿ. ಬಾಯಲ್ಲಿ ಹೇಳಿ ಬರೆಸಬೇಡಿ.

ಪ್ರಶ್ನೆ: ಮಗಳದು ಆರ್ದ್ರಾ ನಕ್ಷತ್ರ, ಮೂರನೇ ಪಾದ. ‘ಙ’ ಅಕ್ಷರ ಬಂದಿದೆ ಎಂದರು. ಆ ಅಕ್ಷರದ ಹೆಸರೇ ಇಲ್ಲ. ಬೇರೆ ಹೆಸರಿಟ್ಟರೆ ದೋಷವೇ?
— ಓದುಗರು, ದಾವಣಗೆರೆ

ಉತ್ತರ: ದೋಷವಿಲ್ಲ, ನಿಶ್ಚಿಂತೆಯಿಂದಿರಿ. ಆರ್ದ್ರೆಯ ನಾಲ್ಕು ಪಾದಗಳಿಗೆ ಕು, ಘ, ಙ, ಛ ಎಂಬ ಅಕ್ಷರಗಳು. ಈ ಪಟ್ಟಿಯಲ್ಲಿ ಹೆಸರೇ ಹುಟ್ಟದ ಅಕ್ಷರಗಳು ಹಲವಿವೆ, ಹಸ್ತ ನಕ್ಷತ್ರದ ‘ಣ’ದಲ್ಲೂ ಇದೇ ಕಥೆ. ಅದಕ್ಕೇ ಹಿಂದಿನವರು ಒಂದೇ ಮಗುವಿಗೆ ನಾಲ್ಕು ಹೆಸರು ಹೇಳಿದ್ದಾರೆ: ದೇವತಾನಾಮ (ಮನೆದೇವರ ಹೆಸರು), ಮಾಸನಾಮ (ಹುಟ್ಟಿದ ತಿಂಗಳ ಹೆಸರು), ನಕ್ಷತ್ರನಾಮ, ವ್ಯಾವಹಾರಿಕನಾಮ (ದಿನಬಳಕೆಯ ಹೆಸರು). ಅಕ್ಷರದ ಕಟ್ಟು ನಕ್ಷತ್ರನಾಮಕ್ಕೆ ಮಾತ್ರ. ಅದು ಜಾತಕದಲ್ಲಿ, ಪೂಜೆಯ ಸಂಕಲ್ಪದಲ್ಲಿ ಉಳಿದರೆ ಸಾಕು.

ಆದರೂ ನಕ್ಷತ್ರದ ನಂಟು ಇರಲಿ ಎನ್ನಿಸಿದರೆ ಅದೇ ಆರ್ದ್ರೆಯ ‘ಕು’ ತೆಗೆದುಕೊಳ್ಳಿ. ಕುಮುದಾ, ಕುಸುಮಾ ಎರಡೂ ಹಳೆಯ, ಮೃದುವಾದ ಹೆಸರುಗಳು.

ಪ್ರಶ್ನೆ: ಗಂಡನ ಮನೆಯವರು ಕೊಟ್ಟೂರೇಶ್ವರನ ಒಕ್ಕಲು, ನಮ್ಮ ತವರು ತಿರುಪತಿ ತಿಮ್ಮಪ್ಪನ ಒಕ್ಕಲು. ಅವರು ಕೊಟ್ರಮ್ಮ ಅನ್ನುತ್ತಾರೆ, ನಮ್ಮಪ್ಪ ಪದ್ಮಾವತಿ ಅನ್ನುತ್ತಾರೆ. ಹೆಸರಿನ ಹೆಸರಲ್ಲಿ ಎರಡು ಮನೆ ಮಾತು ಬಿಡುವ ಹಾಗಾಗಿದೆ.
— ಒಬ್ಬ ಬಾಣಂತಿ, ಹರಿಹರ

ಉತ್ತರ: ಬಾಣಂತನದಲ್ಲಿ ಈ ಸಂಕಟ ನಿಮಗೆ ಬೇಡವಾಗಿತ್ತು. ಮೊದಲು ವಿಶ್ರಾಂತಿ ತೆಗೆದುಕೊಳ್ಳಿ. ತೊಟ್ಟಿಲ ಶಾಸ್ತ್ರ ಒಂದು ತಿಂಗಳು ತಡವಾದರೆ ಏನೂ ಕೆಡುವುದಿಲ್ಲ.

ನಿಮ್ಮೂರ ದೇವರೇ ಅರ್ಧ ಹರಿ, ಅರ್ಧ ಹರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ ಅದು. ಒಂದೇ ಮೂರ್ತಿಗೆ ಎರಡೂ ಕಡೆಯವರು ಕೈಮುಗಿಯುತ್ತಾ ಬಂದ ಊರಲ್ಲಿ ಒಂದೇ ಮಗುವಿಗೆ ಎರಡೂ ಮನೆಯ ಹೆಸರು ಕೂಡಿಸುವುದು ಕಷ್ಟವಾಗಬಾರದು. ‘ಶ್ರೀಗೌರಿ’ ಎಂದರೆ ಲಕ್ಷ್ಮಿಯೂ ಬಂದಳು, ಪಾರ್ವತಿಯೂ ಬಂದಳು. ಅಥವಾ ಪದ್ಮಾವತಿ ದಾಖಲೆಯಲ್ಲಿರಲಿ, ತೊಟ್ಟಿಲಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಕೊಟ್ರಮ್ಮ ಎಂದು ಹೇಳಲಿ. ಅಕ್ಕಿ ಹರವಿದ ತಟ್ಟೆಯಲ್ಲಿ ಉಂಗುರ ಹಿಡಿದು ಬರೆಯುವಾಗ ಎರಡನ್ನೂ ಒಂದರ ಕೆಳಗೊಂದು ಬರೆಸಿ, ಎರಡೂ ಕಡೆಯ ಹಿರಿಯರನ್ನು ಪಕ್ಕದಲ್ಲೇ ಕೂರಿಸಿ. ಬರೆದದ್ದನ್ನು ಕಣ್ಣಾರೆ ಕಂಡ ಮೇಲೆ ಬಹಳ ಜನರ ಬಿಗಿ ಸಡಿಲಾಗುತ್ತದೆ.

ಪ್ರಶ್ನೆ: ನಾವು ಜಗಳೂರು ಕಡೆಯವರು, ಈಗ ದಾವಣಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮೊದಲ ಎರಡು ಮಕ್ಕಳು ಉಳಿಯಲಿಲ್ಲ. ನಾಯಕನಹಟ್ಟಿಗೆ ಹರಕೆ ಹೊತ್ತು ಮೂರನೆಯವಳಿಗೆ ತಿಪ್ಪಮ್ಮ ಅಂತ ಇಟ್ವಿ. ಈಗ ಒಂಬತ್ತನೇ ಕ್ಲಾಸು. ‘ತಿಪ್ಪೆ, ತಿಪ್ಪೆ’ ಅಂತ ಕಾಡಿಸ್ತಾರಂತೆ. ‘ಹೆಸರು ಬದಲಿಸು, ಇಲ್ಲಾಂದ್ರೆ ಶಾಲೆಗೆ ಹೋಗಲ್ಲ’ ಅಂತ ಅಳ್ತಾಳೆ. ಬದಲಿಸಿದರೆ ಹರಕೆ ಮುರಿದ ಹಾಗಾಗಿ ಅವಳಿಗೇ ಏನಾದರೂ ಆದೀತು ಅಂತ ನನಗೆ ಜೀವ ಹೋಗತ್ತೆ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಎರಡು ಮಕ್ಕಳನ್ನು ಕಳೆದುಕೊಂಡ ತಾಯಿಗೆ ಈ ಭಯ ಇರುವುದು ಸಹಜ. ನಿಮ್ಮ ಮಗಳ ಅಳುವೂ ಅಷ್ಟೇ ನಿಜ. ಇಬ್ಬರ ಕಡೆಯೂ ನ್ಯಾಯವಿದೆ.

ಹರಕೆಯ ಮಾತು ಮೊದಲು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಯಾರಿಗೂ ಬೇಡವಾದ ಕೂಸು ಎಂದು ಸಾವಿನ ಕಣ್ಣು ತಪ್ಪಿಸಿ ಎತ್ತಿಕೊಳ್ಳುವ ರೂಢಿ ನಮ್ಮಲ್ಲಿತ್ತು. ಗುಂಡಮ್ಮ, ಕಲ್ಲವ್ವ, ಹುಚ್ಚಮ್ಮ ಇಂಥ ಹೆಸರುಗಳ ಹಿಂದೆ ಅನೇಕ ಸಲ ಇಂಥ ತಾಯಂದಿರ ಕಣ್ಣೀರಿದೆ. ನೀವು ಇಟ್ಟಿರುವುದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಹೆಸರು. ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದವರೆಂದು ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಕಡೆಯ ಜನ ಇಂದಿಗೂ ಅವರನ್ನು ನೆನೆಯುತ್ತಾರೆ, ಫಾಲ್ಗುಣದ ತೇರಿಗೆ ಸೇರುವ ಜನವನ್ನು ನೀವೇ ನೋಡಿದ್ದೀರಿ. ಇದನ್ನು ಮಗಳಿಗೆ ಯಾವತ್ತಾದರೂ ಕೂರಿಸಿಕೊಂಡು ಹೇಳಿದ್ದೀರಾ? ಅವಳಿಗಿಂತ ಮುಂಚೆ ಹುಟ್ಟಿದ ಇಬ್ಬರ ಬಗ್ಗೆ ಹೇಳಿದ್ದೀರಾ? ಹೇಳಿಲ್ಲವಾದರೆ ಈ ವಾರವೇ ಹೇಳಿ. ಹದಿನಾಲ್ಕು ವರ್ಷದ ಹುಡುಗಿ ಅದನ್ನು ತಾಳಿಕೊಳ್ಳಬಲ್ಲಳು. ತಾನು ಎಷ್ಟು ಬೇಡಿ ಪಡೆದ ಮಗು ಎಂದು ಅವಳಿಗೆ ತಿಳಿಯಬೇಕು.

ಹಾಗೆ ಹೇಳಿದ ಮೇಲೂ ಅವಳು ಬೇಡವೆಂದರೆ ಒತ್ತಾಯ ಮಾಡಬೇಡಿ. ಹರಕೆ ಹೊತ್ತಿದ್ದು ಮಗು ಉಳಿಯಲಿ ಎಂದು, ಮಗು ಉಳಿದಿದೆ, ಬೆಳೆದಿದೆ. ಆ ಸ್ವಾಮಿಯ ಹೆಸರಲ್ಲೇ ‘ರುದ್ರ’ ಇದೆ. ರುದ್ರಮ್ಮ, ರುದ್ರಾಣಿ, ರುದ್ರೇಶ್ವರಿ, ಇವುಗಳಲ್ಲಿ ಒಂದನ್ನು ಅವಳೇ ಆರಿಸಲಿ. ಹರಕೆಯೂ ಉಳಿಯಿತು, ಹೊಸ ಹೆಸರೂ ಬಂತು. ಕುಟುಂಬದವರೆಲ್ಲ ನಾಯಕನಹಟ್ಟಿಗೆ ಹೋಗಿ, ಅಲ್ಲೇ ಅವಳ ಕೈಯಿಂದ ಹೊಸ ಹೆಸರು ಹೇಳಿಸಿ ಬನ್ನಿ. ನಿಮ್ಮ ಎದೆಯ ಭಾರ ಇಳಿಯಲು ಅದು ಬೇಕು. ಮನೆಯಲ್ಲಿ ನೀವು ತಿಪ್ಪಮ್ಮ ಎಂದೇ ಕರೆಯಬಹುದೇ ಎಂಬುದನ್ನು ಮಾತ್ರ ಅವಳನ್ನೇ ಕೇಳಿ.

ಹೊತ್ತು ಕಳೆಯಬೇಡಿ, ಏಕೆಂದರೆ ಅವಳು ಒಂಬತ್ತರಲ್ಲಿದ್ದಾಳೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ಬದಲಿಸುವುದು ಬಹಳ ತ್ರಾಸದ ಕೆಲಸ, ಮುಂದಿನ ಎಲ್ಲ ದಾಖಲೆಗಳೂ ಅದನ್ನೇ ಅನುಸರಿಸುತ್ತವೆ. ಪರೀಕ್ಷೆಗೆ ಹೆಸರು ನೋಂದಾಯಿಸುವ ಮುಂಚೆ ಮುಖ್ಯ ಶಿಕ್ಷಕರನ್ನು ಕಂಡು, ಶಾಲಾ ದಾಖಲೆಯಲ್ಲಿ ಬದಲಾವಣೆಗೆ ಬಿಇಒ ಕಚೇರಿ (ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ) ಏನೇನು ಕಾಗದ ಕೇಳುತ್ತದೆ ಎಂದು ಬರೆಸಿಕೊಳ್ಳಿ. ಸಾಮಾನ್ಯವಾಗಿ ಹೆಸರು ಬದಲಾವಣೆಗೆ ನೋಟರಿ ಮುಂದೆ ಮಾಡಿದ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಪತ್ರ), ಪತ್ರಿಕಾ ಪ್ರಕಟಣೆ, ಗೆಜೆಟ್ (ಸರ್ಕಾರದ ರಾಜ್ಯಪತ್ರ) ಬೇಕಾಗುತ್ತವೆ.

ಕಾಡಿಸುವ ಮಕ್ಕಳ ವಿಷಯವನ್ನೂ ಮುಖ್ಯ ಶಿಕ್ಷಕರಿಗೆ ಹೇಳಿ. ಮಗಳ ಹೆಸರು ಬದಲಾದರೂ ಕಾಡಿಸುವುದು ತಪ್ಪೇ. ಅದನ್ನು ನಿಲ್ಲಿಸುವುದು ಶಾಲೆಯ ಕೆಲಸ, ನಿಮ್ಮ ಮಗಳದ್ದಲ್ಲ.

ಪ್ರಶ್ನೆ: ಅಜ್ಜಿ ಆರೋಗ್ಯಮೇರಿ ಎಂದಿಡಿ ಅನ್ನುತ್ತಾರೆ. ನಮಗೆ ಮಾರ್ಗರೆಟ್ ಇಷ್ಟ. ಎರಡೂ ಸೇರಿಸಿದರೆ ಉದ್ದವಾಗುವುದಿಲ್ಲವೇ?
— ಓದುಗರು, ಹರಿಹರ

ಉತ್ತರ: ಉದ್ದವಾಗುತ್ತದೆ, ಆದರೆ ನಿಮ್ಮಲ್ಲಿ ಅದಕ್ಕೆ ದಾರಿ ಮೊದಲಿನಿಂದಲೇ ಇದೆ. ಜ್ಞಾನಸ್ನಾನದ (ಮಗುವನ್ನು ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರದ) ಹೆಸರು ಒಂದು, ಕರೆಯುವ ಹೆಸರು ಒಂದು. ನಿಮ್ಮೂರ ಆರೋಗ್ಯಮಾತೆಯ ಚರ್ಚಿಗೆ ನಡೆದುಕೊಳ್ಳುವ ಮನೆಗೆ ಅಜ್ಜಿ ಹೇಳಿದ ಹೆಸರು ಒಪ್ಪುತ್ತದೆ. ‘ಮಾರ್ಗರೆಟ್ ಮೇರಿ’ ಎಂದು ದಾಖಲೆಯಲ್ಲಿ ಬರೆಸಿ, ಚರ್ಚಿನ ಪುಸ್ತಕದಲ್ಲಿ ಆರೋಗ್ಯಮೇರಿ ಸೇರಲಿ. ಮಾರ್ಗರೆಟ್‌ನಿಂದ ರೀಟಾ, ಮ್ಯಾಗಿ, ಗ್ರೇಟಾ, ಮೆಗ್ ಎಂದು ಬೇರೆಬೇರೆ ದೇಶದವರು ಕರೆಯುತ್ತಾರೆ. ನಮ್ಮ ಬಾಯಿಗೆ ರೀಟಾ ಸುಲಭ.

ಪ್ರಶ್ನೆ: ದೊಡ್ಡ ಮಗಳ ಜನನ ಪತ್ರದಲ್ಲಿ ಆಯಿಷಾ ಬಿ ಅಂತಿದೆ, ಆಧಾರಿನಲ್ಲಿ ಆಯಿಷಾ ಬಾನು ಅಂತಿದೆ. ಮನೇಲಿ ಗುಡಿಯಾ ಅಂತೀವಿ, ಅಂಗನವಾಡಿಯಲ್ಲಿ ಅದನ್ನೇ ಬರೆದುಕೊಂಡಿದ್ದಾರೆ. ಒಂದನೇ ತರಗತಿಗೆ ಸೇರಿಸಲು ಹೋದರೆ ವಾಪಸ್ ಕಳಿಸಿದರು. ಎರಡನೇ ಮಗಳಿಗೆ ಒಂದೂವರೆ ವರ್ಷ, ಅವಳ ಜನನ ಪತ್ರದಲ್ಲಿ ಹೆಸರೇ ಇಲ್ಲ. ತಡವಾಯಿತು, ಇನ್ನು ಆಗುವುದಿಲ್ಲ ಅಂತ ಯಾರೋ ಹೇಳಿದರು.
— ಒಬ್ಬ ತಾಯಿ, ಮಲೇಬೆನ್ನೂರು

ಉತ್ತರ: ಆಗುತ್ತದೆ. ಯಾರೋ ಹೇಳಿದ್ದಕ್ಕೆ ಧೈರ್ಯ ಕಳೆದುಕೊಳ್ಳಬೇಡಿ. ನಿಮ್ಮ ಇಬ್ಬರು ಮಕ್ಕಳ ತೊಡಕೂ ಬಿಡಿಸುವಂಥದ್ದೇ.

ಮೊದಲು ಚಿಕ್ಕವಳದು. 1969ರ ಜನನ ಮರಣ ನೋಂದಣಿ ಕಾನೂನಿನ ಪ್ರಕಾರ ಹುಟ್ಟಿದ 21 ದಿನದೊಳಗೆ ಜನನವನ್ನು ಬರೆಸಬೇಕು. ಹೆಸರಿಲ್ಲದೆಯೂ ಬರೆಸಬಹುದು. ಹಾಗೆ ಬರೆಸಿದ್ದರೆ ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ: 12 ತಿಂಗಳೊಳಗೆ ಶುಲ್ಕವಿಲ್ಲದೆ, ಆ ನಂತರ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ. ಅರ್ಜಿ ಕೊಡಬೇಕಾದ್ದು ನೀವು ಈಗ ಇರುವ ಊರಲ್ಲಲ್ಲ, ಹೆರಿಗೆ ಆದ ಜಾಗದ ನೋಂದಣಾಧಿಕಾರಿಯ ಹತ್ತಿರ. ಹರಿಹರ ಪೇಟೆಯ ಆಸ್ಪತ್ರೆಯಲ್ಲಾಗಿದ್ದರೆ ಅಲ್ಲಿಯ ನಗರಸಭೆ, ದಾವಣಗೆರೆಯಲ್ಲಾಗಿದ್ದರೆ ಮಹಾನಗರ ಪಾಲಿಕೆ. ಸರ್ಕಾರಿ ಆಸ್ಪತ್ರೆಯಾಗಿದ್ದರೆ ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಿ. ಇದನ್ನು ಮುಂದೂಡಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನದ ಆಧಾರವಾಗಿ ಜನನ ಪ್ರಮಾಣಪತ್ರವನ್ನೇ ಕೇಳುತ್ತಾರೆ.

ದೊಡ್ಡವಳಿಗೆ ಯಾವುದನ್ನು ಉಳಿಸಬೇಕು? ಜನನ ಪತ್ರದಲ್ಲಿರುವುದನ್ನೇ ಉಳಿಸಿ. ‘ಬಿ’, ‘ಬಾನು’, ‘ಬೇಗಂ’ ಎಲ್ಲವೂ ಗೌರವದ ಸೇರ್ಪಡೆಗಳೇ, ನಿಮ್ಮ ಮನೆಯಲ್ಲಿ ಅವುಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಗಣಕಯಂತ್ರದ ಮುಂದೆ ಕುಳಿತವರಿಗೆ ಮಾತ್ರ ಆಯಿಷಾ ಬಿ, ಆಯಿಷಾ ಬಾನು ಇಬ್ಬರು ಬೇರೆಬೇರೆ ಹುಡುಗಿಯರು. ಆಧಾರ್ ಕೇಂದ್ರದಲ್ಲಿ ಜನನ ಪತ್ರ ತೋರಿಸಿ ಅಲ್ಲಿಯ ಹೆಸರನ್ನು ತಿದ್ದಿಸಿ. ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಚೀಟಿಯ ಮೇಲೆ ಅಕ್ಷರಗಳನ್ನು ಸರಿಯಾಗಿ ಬರೆದುಕೊಂಡು ಹೋಗಿ. ಅಚ್ಚು ಒತ್ತುವ ಮುಂಚೆ ಪರದೆಯ ಮೇಲೆ ತೋರಿಸಲು ಕೇಳಿ, ಕೇಳಲು ಸಂಕೋಚಪಡಬೇಡಿ.

ಅಂಗನವಾಡಿಯಲ್ಲಿ ಗುಡಿಯಾ ಎಂದು ಬರೆದುಕೊಂಡಿದ್ದರಲ್ಲಿ ಕಾರ್ಯಕರ್ತೆಯ ತಪ್ಪೇನಿಲ್ಲ, ಮಗುವನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಜನನ ಪತ್ರದ ಪ್ರತಿ ಕೊಟ್ಟು ಅಲ್ಲಿಯ ಪುಸ್ತಕದಲ್ಲೂ ತಿದ್ದಿಸಿಬಿಡಿ. ಗುಡಿಯಾ ಎಂದು ಮನೆಯಲ್ಲಿ ಧಾರಾಳವಾಗಿ ಕರೆಯಿರಿ. ಚಿಕ್ಕವಳಿಗೆ ಅಕೀಕಾ (ಏಳನೇ ದಿನದ ಶಾಸ್ತ್ರ) ದಿನ ಯಾವ ಹೆಸರಿಟ್ಟಿದ್ದೀರೋ ಅದನ್ನೇ, ಅಕ್ಕನ ಹೆಸರಿನ ಹಾಗೇ ‘ಬಿ’ ಸೇರಿಸಬೇಕೋ ಬೇಡವೋ ಎಂದು ಮೊದಲೇ ನಿಶ್ಚಯಿಸಿ ಬರೆಸಿ. ಹೋಗುವಾಗ ಆಸ್ಪತ್ರೆಯ ಬಿಡುಗಡೆ ಚೀಟಿ, ತಾಯಿ ಕಾರ್ಡ್, ನಿಮ್ಮಿಬ್ಬರ ಆಧಾರ್, ಎಲ್ಲದರ ಮೂಲ ಪ್ರತಿ ಮತ್ತು ಎರಡೆರಡು ಜೆರಾಕ್ಸ್ ಜೊತೆಗಿರಲಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ತೆಗೆದುಕೊಳ್ಳದೆ ಬರಬೇಡಿ.